ಸೇನೆಯಿಂದ ಕಾಲುವೆಯ ಕೆಲಸಕ್ಕೆ ಬಂದ ನನ್ನ ತಂದೆ

ಸೇನೆಯಲ್ಲಿ ದುಡಿದು, ಆಮೇಲೆ ಸಿವಿಲ್ ಎಂಜಿನಿಯರ್ ಆದವರ ಬದುಕು ಮನೆಯವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ತಾವು ಕೇಳಿದ್ದೀರಿ. ನನ್ನ ತಂದೆಯವರು ಅಂಥವರೇ ಆಗಿದ್ದರಿಂದ, ನಾನು ಕಂಡಷ್ಟನ್ನು ಹೇಳುತ್ತೇನೆ.

ಬೆಂಗಳೂರಿನ ಹಲಸೂರು ಕೆರೆಯ ಬಳಿಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ, ಅಂದರೆ 1780ರಷ್ಟು ಹಿಂದೆ ಹುಟ್ಟಿದ, ಸೇನೆಯ ಎಂಜಿನಿಯರಿಂಗ್ ಕೆಲಸ ಮಾಡುವ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ, ಅಪ್ಪ ತರಬೇತಿ ಪಡೆದರು. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ, ನೆಲಬಾಂಬುಗಳನ್ನು ತೆಗೆದು ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ 9ನೇ ಎಂಜಿನಿಯರ್ ರೆಜಿಮೆಂಟ್ ಈ ಪಡೆಯದೇ. ಅಪ್ಪ ಆಗ ಅದರಲ್ಲಿದ್ದರು. ಯುದ್ಧದ ಮಾತನ್ನು ಅವರು ತಾವಾಗಿ ಎತ್ತುತ್ತಿರಲಿಲ್ಲ. ನಾನು ತುಂಬಾ ಕಾಡಿದ ಮೇಲೆ ಒಮ್ಮೆ ಮಾತ್ರ, ಅಡುಗೆಮನೆಯ ಜೋಳದ ಹಿಟ್ಟಿನ ಡಬ್ಬಿ ತೆಗೆದು, ಚಮಚದ ಹಿಡಿಯನ್ನು ಓರೆಯಾಗಿ ಮೆಲ್ಲಗೆ ತೂರಿಸಿ, ನೆಲವನ್ನು ನೇರವಾಗಿ ಚುಚ್ಚಿದರೆ ಬಾಂಬಿನ ನೆತ್ತಿಯ ಮೇಲೆ ಒತ್ತಡ ಬೀಳುತ್ತದೆ, ಓರೆಯಾಗಿ ಚುಚ್ಚಿದರೆ ಅದರ ಪಕ್ಕೆ ತಾಗುತ್ತದೆ ಎಂದು ತೋರಿಸಿಕೊಟ್ಟರು. ಆಮೇಲೆ ಹಿಟ್ಟನ್ನು ಸಮ ಮಾಡಿ ಮುಚ್ಚಳ ಹಾಕಿಟ್ಟರು.

ಸೇನೆ ಬಿಟ್ಟ ಮೇಲೆ ಅವರು ಓದು ಮುಂದುವರಿಸಿ, ಕೃಷ್ಣಾ ಮೇಲ್ದಂಡೆ ಯೋಜನೆಯ ಕೆಲಸಕ್ಕೆ ಸೇರಿದರು. ನಾನು ಬೆಳೆದದ್ದು ಭೀಮರಾಯನಗುಡಿಯ ಕ್ವಾರ್ಟರ್ಸ್‌ನಲ್ಲಿ. ನಾರಾಯಣಪುರ ಎಡದಂಡೆ ಕಾಲುವೆ ಹಾಯುವ ಆ ಸೀಮೆಯ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಲೈನಿಂಗ್, ಅಂದರೆ ಕಾಲುವೆಯ ಒಳಮೈಯ ಹೊದಿಕೆ, ಹಾಕಿದರೆ ಅದು ಎದ್ದು ಒಡೆಯುತ್ತದೆ. ಆದ್ದರಿಂದ ನಡುವೆ ಉಬ್ಬದ ಗರಸಿನ ಪದರವೊಂದನ್ನು ಹಾಕಿ, ನೀರು ಹೊಡೆದು, ದಮ್ಮಸು ಮಾಡಿ ಕೂರಿಸಬೇಕು. ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದ ಪದರ ಅದು. ಒಮ್ಮೆ ಅಪ್ಪ ಹಾರೆಯಿಂದ ಮೂರು ಕಡೆ ಅಗೆಸಿ, ಟೇಪು ಹಿಡಿದು ನೋಡಿ, ದಪ್ಪ ಕಡಿಮೆಯಿದ್ದುದನ್ನು ಅಳತೆ ಪುಸ್ತಕದಲ್ಲಿ ಬರೆದು, ಅಷ್ಟುದ್ದದ ಕೆಲಸವನ್ನು ಗುತ್ತಿಗೆದಾರರಿಂದ ಕೀಳಿಸಿ ಮತ್ತೆ ಮಾಡಿಸಿದರು. ಕೆಲವೇ ತಿಂಗಳಲ್ಲಿ ಅವರಿಗೆ ದೂರದ ಊರಿಗೆ ವರ್ಗವಾಯಿತು. ಅದು ಅನ್ಯಾಯವೆಂದೇ ನಾನು ಇಂದಿಗೂ ನಂಬಿದ್ದೇನೆ. ಅವರು ಮಾತ್ರ ಯಾರನ್ನೂ ದೂರಲಿಲ್ಲ.

ನನ್ನ ಹತ್ತನೆಯ ತರಗತಿ ಕೆಡಬಾರದೆಂದು ಅಮ್ಮನನ್ನೂ ನನ್ನನ್ನೂ ಅಲ್ಲಿಯೇ ಬಿಟ್ಟು, ಇಡೀ ವರ್ಷ ಶನಿವಾರ ರಾತ್ರಿಯ ಬಸ್ಸಿಗೆ ಬಂದು, ಭಾನುವಾರ ಲೆಕ್ಕ ಹೇಳಿಕೊಟ್ಟು, ಅಂದೇ ಸಂಜೆ ಹೊರಡುತ್ತಿದ್ದರು. ಹೊರಡುವ ಮುನ್ನ ನನ್ನ ಸೈಕಲ್ಲಿನ ಬ್ರೇಕನ್ನು ಎರಡು ಸಲ ಒತ್ತಿ ನೋಡುವುದು ತಪ್ಪುತ್ತಿರಲಿಲ್ಲ.

ಮುಂದೆ ನಾನೂ ಎಂಜಿನಿಯರಿಂಗ್ ಸೇರಿದಾಗ ಹಾಸ್ಟೆಲ್‌ವರೆಗೂ ಬಂದರು. ಕೋಣೆಯ ಮಂಚದ ನಾಲ್ಕೂ ಕಾಲುಗಳನ್ನು ಅಲುಗಾಡಿಸಿ ನೋಡಿ, ಗಟ್ಟಿಯಾಗಿ ಕೂರದ ಒಂದರಡಿಗೆ ರಟ್ಟಿನ ಚೂರು ಮಡಿಸಿಟ್ಟು, ತಾವೇ ಒಮ್ಮೆ ಕುಳಿತು ಎದ್ದು, "ಇನ್ನು ಮಲಗಬಹುದಮ್ಮ" ಎಂದು ಹೇಳಿ ಬಸ್ ನಿಲ್ದಾಣಕ್ಕೆ ಹೊರಟರು.