ಪ್ರಕರಣ: ಸೊನ್ನೆ ನಂಬರಿನ ಬ್ರಷ್ ಕೈಬಿಟ್ಟ ಮೇಲೆ

ಅರವತ್ತು ದಾಟಿದ ಮಹಿಳೆ. (ಗುರುತು ಸಿಗದಂತೆ ವಿವರ ಬದಲಿಸಿದೆ.) ಸೊನ್ನೆ ನಂಬರಿನ (ತೀರಾ ಸಣ್ಣ ಮೊನೆಯ) ಬ್ರಷ್‌ನಲ್ಲಿ, ಜಲವರ್ಣದಲ್ಲಿ, ಎಲೆಯ ನರನರವೂ ಕಾಣುವಂತೆ ಬಿಡಿಸುತ್ತಿದ್ದವರು. ಕೀಲುಗಳು ಊದಿ ನೋಯುವ ರುಮಟಾಯ್ಡ್ ಸಂಧಿವಾತದಿಂದ ಈಗ ಹೆಬ್ಬೆರಳ ಬುಡ ನೋಯುತ್ತದೆ, ಗೆರೆ ನಿಲ್ಲುವುದಿಲ್ಲ. "ಅಬ್‌ಸ್ಟ್ರಾಕ್ಟ್ ಮಾಡಿ, ಅದಕ್ಕೇನು ಕೈ ಕುದುರಬೇಕೇ" ಎಂದು, ವಸ್ತುವನ್ನು ಇದ್ದಂತೆ ಬಿಡಿಸದ ಅಮೂರ್ತ ಚಿತ್ರ ಮಾಡಲು ಮನೆಯವರ ಸಲಹೆ. ಅವರಿಗದು ಚುಚ್ಚಿದೆ: "ಕೈಲಾಗದವರ ದಾರಿ ಅಲ್ವಾ ಅದು?"

ಮೊದಲ ಭೇಟಿ ಪೂರ್ತಿ ಹೋದದ್ದು ಹಳೆಯ ಕೈ ಹೋಯಿತೆಂಬ ದುಃಖಕ್ಕೆ. ಅದನ್ನು ದಾಟಿಸಿ ತಂತ್ರ ಹೇಳಿದರೆ ಕಿವಿಗೆ ಬೀಳುವುದಿಲ್ಲ. ಆಮೇಲೆ ಫ್ರೆಂಚ್ ಚಿತ್ರಕಾರ ಮಾತೀಸ್ ವಿಷಯ ಬಂತು: 1941ರ ಶಸ್ತ್ರಚಿಕಿತ್ಸೆಯ ನಂತರ ಗಾಲಿಕುರ್ಚಿಯಲ್ಲಿದ್ದುಕೊಂಡೇ ಬಣ್ಣ ಬಳಿದ ಕಾಗದ ಕತ್ತರಿಸಿ ಚಿತ್ರ ಕಟ್ಟಿದವರು. "ನನಗೆ ಕತ್ತರಿಯೂ ನೋಯುತ್ತೆ" ಎಂದರು ಆಕೆ. ನ್ಯಾಯವಾದ ಮಾತು. ಆದರೆ ಅಬ್‌ಸ್ಟ್ರಾಕ್ಟ್ ಶೈಲಿಯಲ್ಲಿ ಬೆರಳಿನ ಕೆಲಸ ತಗ್ಗಿ ತೀರ್ಮಾನದ ಕೆಲಸ ಹೆಚ್ಚುತ್ತದೆ ಎಂಬುದು ಅವರಿಗೆ ಹಿಡಿಸಿತು.

ಕೊಟ್ಟ ಸಲಹೆ: ಎರಡು ಇಂಚಿನ ಚಪ್ಪಟೆ ಬ್ರಷ್, ಹಿಡಿಗೆ ಫೋಮ್ ಸುತ್ತಿ ಸುಮಾರು 3 ಸೆಂ.ಮೀ. ದಪ್ಪ ಮಾಡುವುದು. ತೆಳು ಹಿಡಿಯನ್ನು ಚಿವುಟಿ ಹಿಡಿದಾಗಲೇ ಹೆಬ್ಬೆರಳ ಕೀಲಿಗೆ ಹೆಚ್ಚು ಭಾರ. ಟ್ಯೂಬ್ ಮುಚ್ಚಳ ಬೇರೆಯವರು ತೆಗೆದು, ಬಣ್ಣ ಮೊದಲೇ ಪ್ಯಾಲೆಟ್‌ಗೆ ಹಿಂಡಿಡಲಿ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವನ್ನು ಹಲಗೆಗೆ ಅಂಟಿಸಿ, ಸ್ವಲ್ಪ ಓರೆಯಾಗಿಟ್ಟು, ಮಣಿಕಟ್ಟು ಆಡಿಸದೆ ಭುಜದಿಂದ ಬೀಸುವುದು. ಬಣ್ಣ ಎರಡೇ: ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನಾ ಎಂಬ ಕೆಂಗಂದು. ಪೆನ್ಸಿಲ್ ಬೇಡ, ತಿಳಿ, ನಡು, ಗಾಢ ಎಂದು ಮೂರು ದೊಡ್ಡ ಆಕಾರ ಸಾಕು. ಹದಿನೈದು ನಿಮಿಷಕ್ಕೆ ಅಲಾರಂ. ಬೆಳಗಿನ ಬಿಗಿತ ಸಡಿಲಿದ ಮೇಲೇ ಶುರು.

ಮೊದಲ ಹಾಳೆಗಳು ಕೆಟ್ಟವು. ಒಂದು ಮೂಲೆಯಲ್ಲಿ ಮತ್ತೆ ದಳ ಬಿಡಿಸಲು ಹೊರಟಿದ್ದರು, ಉಳಿದದ್ದೆಲ್ಲ ಕೆಸರು. ಅರೆ ಒಣಗಿದ ವಾಶ್ (ನೀರಾಗಿ ಬಳಿದ ಬಣ್ಣದ ಪದರ) ಮೇಲೆ ನೀರು ಹೆಚ್ಚಿರುವ ಬ್ರಷ್ ಆಡಿಸಿದರೆ ಹೂಕೋಸಿನಂಥ ಅಂಚು ಏಳುತ್ತದೆ. ತಿದ್ದಹೋದಷ್ಟೂ ಅಡಿಯ ಬಣ್ಣ ಎದ್ದು ಕದಡುತ್ತದೆ. ಹಿಂಗೈ ಸೋಕಿಸಿದಾಗ ಕಾಗದ ತಣ್ಣಗಿದ್ದರೆ ಇನ್ನೂ ಒಣಗಿಲ್ಲ, ಮುಟ್ಟಬಾರದು. ಆ ಬಿಡುವಿನಲ್ಲಿ ಆರಡಿ ದೂರದಿಂದ ನೋಡುವುದು. ನಿಜವಾದ ತೊಡಕು ನಡುಗುವ ಕೈಗಿಂತ, ಮೂಗಿನ ಹತ್ತಿರ ಹಿಡಿದು ಚಿತ್ರ ಅಳೆಯುವ ಹಳೆಯ ರೂಢಿಯದು. ಸದ್ಯ ಮನೆಯವರಿಗೂ ತೋರಿಸಬೇಡಿ ಎಂದು ಹೇಳಿದೆ. "ಚೆನ್ನಾಗಿದೆ" ಎಂಬ ಕರುಣೆಯ ಹೊಗಳಿಕೆಯಿಂದ ಉಪಯೋಗವಿಲ್ಲ.

ಕೆಲಸದ ನಂತರ ನೋವು ಎರಡು ಗಂಟೆ ಮೀರಿ ಉಳಿದರೆ ಮುಂದಿನ ಸಲ ಅರ್ಧ ಹೊತ್ತು. ಕೀಲು ಊದಿ ಬಿಸಿಯಾಗಿದ್ದ ದಿನ ಬ್ರಷ್ ಮುಟ್ಟುವಂತಿಲ್ಲ. ಹೆಬ್ಬೆರಳಿಗೆ ಆಧಾರಪಟ್ಟಿ ಬೇಕೇ ಎಂದು ನೋಡಲು ಅವರನ್ನು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಸಲೀಸಾಗಿ ಮಾಡಲು ನೆರವಾಗುವ ಚಿಕಿತ್ಸಕರು) ಬಳಿ ಕಳುಹಿಸಿದ್ದೇನೆ.