ಮರದ ಬುಡದಲ್ಲಿ ಕಟ್ಟಿಗೆಯಷ್ಟು ಗಟ್ಟಿ ಅಣಬೆ: ಇದು ಯಾವುದು?

ಧಾರವಾಡದ ನಿಮ್ಮ ಅಂಗಳದ ಪೈನ್ ಮರದ ಬುಡದಲ್ಲಿ ಕೆಂಪಂಚಿನ ಗಟ್ಟಿ ಅಣಬೆ ಚಾಚಿಕೊಂಡಿದೆ, ಚಿತ್ರಗಳಿಗೆ ಹೋಲಿಸಿದರೆ ಫೊಮಿಟಾಪ್ಸಿಸ್ ಪಿನಿಕೋಲಾ ಎಂಬ ಅಣಬೆಯಂತೆ ಕಾಣುತ್ತದೆ, ಹೌದೇ ಎಂದು ಕೇಳಿದ್ದೀರಿ. ಅಣಬೆಯ ಹೆಸರು ಆಮೇಲೆ, ಮೊದಲು ಮರದ ಹೆಸರು ಖಚಿತವಾಗಲಿ.

ನಮ್ಮ ಕಡೆ ಪೈನ್ ಎಂದು ತೋರಿಸುವುದು ಹೆಚ್ಚಾಗಿ ಗಾಳಿ ಮರವನ್ನು, ಅಂದರೆ ಸರ್ವೆಯನ್ನು. ನೋಡಲು ಹಾಗಿದ್ದರೂ ಅದು ಪೈನ್‌ನಂತೆ ಶಂಕುವಿನಲ್ಲಿ ಬೀಜ ಬಿಡುವ ಶಂಕುಧಾರಿಯಲ್ಲ, ಹೂ ಬಿಡುವ ಸಸ್ಯಗಳ ಗುಂಪಿನದು. ಒಂದು 'ಸೂಜಿ'ಯನ್ನು ಎರಡೂ ತುದಿ ಹಿಡಿದು ಎಳೆಯಿರಿ. ಗೆಣ್ಣಿನಲ್ಲಿ ಕಳಚಿ, ಅಲ್ಲಿ ಚೂಪಾದ ಪುಟ್ಟ ಎಲೆಗಳ ಸುತ್ತು ಕಂಡರೆ ಸರ್ವೆಯೇ. ಇಲ್ಲಿ ಸಿಗುವ ನಿಜವಾದ ಶಂಕುಧಾರಿಗಳೆಂದರೆ ತೋಟಕ್ಕೆಂದು ನೆಟ್ಟ ಅರೋಕೇರಿಯಾ, ಥೂಜಾದಂಥವು.

ಪಿನಿಕೋಲಾ ಚಳಿನಾಡಿನ ಶಂಕುಧಾರಿ ಕಾಡುಗಳದ್ದು. ನನ್ನ ಅನುಮಾನ ಗ್ಯಾನೋಡರ್ಮಾ ಎಂಬ ಅಣಬೆ ಕುಲದ ಮೇಲೆ. ತೆಂಗು, ಅಡಿಕೆ ಬೆಳೆಗಾರರನ್ನು ಕಾಡುವ ಅಣಬೆ ರೋಗ ಇದೇ ಕುಲದ್ದು. ಸರ್ವೆಯ ಬೇರನ್ನೂ ಕೊಳೆಸುತ್ತದೆ. ಇದರ ಕೆಲವು ಪ್ರಭೇದಗಳ ಮೇಲ್ಮೈ ವಾರ್ನಿಷ್ ಬಳಿದಂತೆ ಹೊಳೆಯುತ್ತದೆ, ಅಂಚೂ ಕೆಂಪಾಗಿರಬಹುದು. ಹಾಗಾಗಿ ಮೇಲಿನ ಬಣ್ಣ ನಂಬುವಂಥದ್ದಲ್ಲ.

ಅಣಬೆಯ ಒಂದು ತಾಜಾ ತುಂಡನ್ನು, ಸಣ್ಣ ರಂಧ್ರಗಳಿರುವ ಅಡಿಭಾಗ ಕೆಳಗೆ ಬರುವಂತೆ ಬಿಳಿ ಹಾಳೆಯ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಹಾಳೆಯ ಮೇಲೆ ಕಂದು ಪುಡಿ ಉದುರಿದ್ದರೆ ಗ್ಯಾನೋಡರ್ಮಾ ಎನ್ನಲು ಬಲವಾದ ಆಧಾರ. ಈ ಪುಡಿಯೇ ಬೀಜಕಗಳು, ಅಂದರೆ ಬೀಜದಂತೆ ಅಣಬೆಯನ್ನು ಹರಡುವ ಕಣಗಳು. ಪಿನಿಕೋಲಾದ ಬೀಜಕಗಳು ತಿಳಿ ಬಣ್ಣದವು. ಕೆಲವೊಮ್ಮೆ ಈ ಕಂದು ಪುಡಿ ಅಣಬೆಯ ನೆತ್ತಿಯ ಮೇಲೂ ಅಕ್ಕಪಕ್ಕದ ಎಲೆಗಳ ಮೇಲೂ ಕೂತಿರುತ್ತದೆ, ಒರೆಸಿದರೆ ಬೆರಳಿಗೆ ಹತ್ತುತ್ತದೆ.

ಕೊಳೆತ ಕಟ್ಟಿಗೆಯೂ ಸುಳಿವು ಕೊಡುತ್ತದೆ. ಪಿನಿಕೋಲಾದಂಥವು ಕಟ್ಟಿಗೆಯ ನಾರಾದ ಸೆಲ್ಯುಲೋಸ್ ತಿಂದು, ಆ ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಬಹುಪಾಲು ಉಳಿಸುತ್ತವೆ. ಕಟ್ಟಿಗೆ ಕಂದಾಗಿ, ಚೌಕ ಚೌಕವಾಗಿ ಬಿರಿದು, ಹಿಸುಕಿದರೆ ಪುಡಿಯಾಗುತ್ತದೆ. ಗ್ಯಾನೋಡರ್ಮಾ ಲಿಗ್ನಿನ್ನನ್ನೂ ಬಿಡುವುದಿಲ್ಲ. ಅಲ್ಲಿ ಕಟ್ಟಿಗೆ ಬಿಳಿಚಿಕೊಂಡು ನಾರುನಾರಾಗಿ ಮೆತ್ತಗಾಗುತ್ತದೆ.

ಅಣಬೆಯನ್ನು ಕೆತ್ತಿ ತೆಗೆದು ಸುಣ್ಣ ಬಳಿಯಲು ಯಾರಾದರೂ ಹೇಳಿದರೆ ಕೇಳಬೇಡಿ. ಹೊರಗೆ ಕಾಣುವುದು ಬೀಜಕ ಉದುರಿಸುವ ಅಂಗ ಮಾತ್ರ, ಶಿಲೀಂಧ್ರ ಇರುವುದು ಕಟ್ಟಿಗೆಯೊಳಗೆ. ಬುಡವನ್ನು ಮರದ ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ಬುಡದ ಮಣ್ಣು ಬಿರಿದಿದ್ದರೆ ಅಥವಾ ಮರ ಮನೆಯತ್ತ ವಾಲಿದ್ದರೆ ಅಡ್ಡಮಳೆಯ ಗಾಳಿ ಬರುವವರೆಗೆ ಕಾಯದೆ ತಿಳಿದವರಿಗೆ ತೋರಿಸಿ. ಕಡಿಸುವುದೇ ಆದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯವಾಗಬಹುದು.

ಅಡಿಭಾಗದ ಫೋಟೊ ಮತ್ತು ಹಾಳೆಯ ಮೇಲಿನ ಪುಡಿಯ ಬಣ್ಣ ತಿಳಿಸಿದರೆ ಇನ್ನಷ್ಟು ಹೇಳಬಲ್ಲೆ.