ಚಿನ್ನದ ಲ್ಯಾಬ್ ಇಂಟರ್‌ವ್ಯೂಗೆ ಸಯನೈಡ್ ಕಾಂಪ್ಲೆಕ್ಸ್‌ಗಳ ಸ್ಟೆಬಿಲಿಟಿ ಕಾನ್‌ಸ್ಟಂಟ್ ಬಾಯಿಪಾಠ ಮಾಡಬೇಕಾ, ಬಣ್ಣ-ಮ್ಯಾಗ್ನೆಟಿಕ್ ಗುಣ ಓದಿದರೆ ಸಾಕಾ?

ಎರಡೂ ಬೇಡ. ಲೋಹ ಸಯನೈಡನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಅಂತ ಹೇಳುವ ಆ ಸ್ಟೆಬಿಲಿಟಿ ಟೇಬಲ್ ನಂಬಿಯೇ ನಾನು ಸಿಗಬೇಕಿದ್ದ ಕೆಲಸ ಕಳೆದುಕೊಂಡೆ.

ನಾನು ಲಿಂಗಸುಗೂರಿನವನು. ಹಟ್ಟಿ ಚಿನ್ನದ ಗಣಿ ನಮ್ಮ ತಾಲ್ಲೂಕಲ್ಲೇ ಇರುವುದರಿಂದ, ಅದಿರಿನಿಂದ ಚಿನ್ನವನ್ನು ಕರಗಿಸಿ ತೆಗೆಯುವ ಸಯನೈಡ್ ಅಂದರೆ ನಮಗೆ ಹೊಸ ಮಾತಲ್ಲ. ಇಂಟರ್‌ವ್ಯೂ ಮಾತ್ರ ಬೇರೆ ಕಡೆ, ಒಂದು ಖಾಸಗಿ ಲ್ಯಾಬ್‌ನಲ್ಲಿ. ಕೇಳಿದ್ದು ಇಷ್ಟೇ: ಫೆರೋಸಯನೈಡ್, ಫೆರಿಸಯನೈಡ್ (ಎರಡರಲ್ಲೂ ಒಂದು ಕಬ್ಬಿಣಕ್ಕೆ ಆರು ಸಯನೈಡ್ ಅಂಟಿರುತ್ತವೆ), ಈ ಎರಡರಲ್ಲಿ ಸಯನೈಡನ್ನು ಬೇಗ ಬಿಡುವುದು ಯಾವುದು?

ನನ್ನ ತಲೆಯಲ್ಲಿ ಟೇಬಲ್ ಓಡಿತು. ಫೆರೋಗೆ 10ರ ಘಾತ ಸುಮಾರು 35, ಫೆರಿಗೆ 42ರ ಮೇಲೆ. ಸಂಖ್ಯೆ ದೊಡ್ಡದಿದ್ದರೆ ಹಿಡಿತ ಗಟ್ಟಿ ಅಲ್ವಾ? 'ಫೆರೋ ಸರ್' ಅಂದೆ. ಪೂರಾ ಉಲ್ಟಾ.

ಆ ಸಂಖ್ಯೆ ಹೇಳುವುದು ಸಮತೋಲನದ ಲೆಕ್ಕ. ಬಿಡಲು ಎಷ್ಟು ಹೊತ್ತು ಬೇಕು ಅನ್ನುವುದು ಬೇರೆಯೇ ಲೆಕ್ಕ. ಫೆರೋದ ಕಬ್ಬಿಣದಲ್ಲಿ ಆರು ಡಿ ಎಲೆಕ್ಟ್ರಾನ್, ಆರೂ ಜೋಡಿಯಾಗಿ ಕೆಳಗಿನ ಮೂರು ಆರ್ಬಿಟಲ್‌ಗಳನ್ನು ತುಂಬಿವೆ. ಅದು ಸುಮ್ನೆ ಅಲುಗಾಡುವುದಿಲ್ಲ. ಫೆರಿಯಲ್ಲಿ ಐದೇ, ಒಂದು ಒಂಟಿ. ಅದು ಸಯನೈಡನ್ನು ಬೇಗ ಬಿಡುತ್ತದೆ, ವಿಷವೂ ಜಾಸ್ತಿ. ಫೆರೋವನ್ನಂತೂ ಗಂಟು ಕಟ್ಟದಿರಲಿ ಅಂತ ಊಟದ ಉಪ್ಪಿಗೇ ಚೂರು ಹಾಕುತ್ತಾರೆ. ಪ್ಯಾಕೆಟ್ ಮೇಲೆ 536 ಅಂತ ಇದ್ದರೆ ಅದೇ. ಥರ್ಮೋಡೈನಮಿಕ್ಸ್ (ಸಮತೋಲನದ ಲೆಕ್ಕ) ಬೇರೆ, ಕೈನೆಟಿಕ್ಸ್ (ವೇಗದ ಲೆಕ್ಕ) ಬೇರೆ ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನೇ ನಾನು! ಅಲ್ಲಿ ಹೊಳೆಯಲಿಲ್ಲ.

ನೀವು ಪಿಎಚ್ ಓದಿ. ಹೈಡ್ರೋಜನ್ ಸಯನೈಡ್‌ನ ಪಿಕೆಎ, ಅಂದರೆ ಅದರಲ್ಲಿ ಅರ್ಧ ಸಯನೈಡ್ ಅಯಾನ್ ಆಗಿರುವ ಪಿಎಚ್, ಸುಮಾರು 9.2. ಅದಕ್ಕೇ ಸಯನೈಡ್ ದ್ರಾವಣಕ್ಕೆ ಸುಣ್ಣ ಹಾಕಿ ಪಿಎಚ್ 10ರ ಮೇಲೆ ಇಡುತ್ತಾರೆ. ಇಳಿದರೆ ಸಯನೈಡ್ ಅನಿಲವಾಗುತ್ತದೆ. ಅದರ ಕುದಿಯುವ ಬಿಂದು ಬರೀ 26 ಡಿಗ್ರಿ, ನಮ್ಮ ರಾಯಚೂರಿನ ಬಿಸಿಲು ಗೊತ್ತಲ್ಲ. ಸತು, ಕ್ಯಾಡ್ಮಿಯಂ ಕಾಂಪ್ಲೆಕ್ಸ್‌ಗಳು ದುರ್ಬಲ ಆಮ್ಲಕ್ಕೇ ಒಡೆಯುತ್ತವೆ. ತಾಮ್ರ, ನಿಕ್ಕಲ್ ಸ್ವಲ್ಪ ಗಟ್ಟಿ. ಕಬ್ಬಿಣ, ಕೋಬಾಲ್ಟ್ ಹಿಡಿದದ್ದನ್ನು ಸುಲಭವಾಗಿ ಬಿಡುವುದಿಲ್ಲ. ಆದರೆ ಕಬ್ಬಿಣದ್ದು ಬಿಸಿಲಿಗೆ ನಿಧಾನವಾಗಿ ಒಡೆಯುತ್ತದೆ. ಅದಕ್ಕೇ ತ್ಯಾಜ್ಯದ ನೀರಿನಲ್ಲಿ ಒಟ್ಟು ಸಯನೈಡ್ ಬೇರೆ, ಸುಲಭವಾಗಿ ಬಿಡುವ ಸಯನೈಡ್ ಬೇರೆ ಅಳೆಯುತ್ತಾರೆ.

ಇನ್ನೊಂದು. ಚಿನ್ನಕ್ಕೆ ಎರಡು ಸಯನೈಡ್ ಸಾಕು, ಆಕ್ಸಿಜನ್ ಜೊತೆಗಿರಬೇಕು ಅಷ್ಟೇ. ತಾಮ್ರ ಸಾಮಾನ್ಯವಾಗಿ ಮೂರನ್ನು ಹಿಡಿದುಕೊಳ್ಳುತ್ತದೆ, ಅದಿರಿನಲ್ಲಿ ಅದರ ಪ್ರಮಾಣವೂ ಚಿನ್ನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬಹುದು. 'ಸಯನೈಡ್ ಖರ್ಚು ಯಾಕೆ ಏರಿತು?' ಅಂತ ಕೇಳಿದರೆ ಮೊದಲು ತಾಮ್ರದ ಹೆಸರು ಹೇಳಿ.